ಚಕ್ರದ ಮೇಲೊಂದು ಅರಿಸಮಾಸ

ಮಲೆನಾಡಿನ ತೋಟಗಳಲ್ಲಿ ಜೀಪೆಂಬುದು ಮನೆಯ ಆಳುಮಕ್ಕಳಲ್ಲಿ ಒಬ್ಬನಂತೆ ದುಡಿಯುವ ಪ್ರಾಣಿ. ಗೊಬ್ಬರದ ಚೀಲಗಳನ್ನು ಗುಡ್ಡದ ಮೇಲಕ್ಕೆ ಹೊರುವುದು ಅದೇ. ಕಾಫಿಯ ಮೂಟೆಗಳನ್ನು ಪೇಟೆಗೆ ಮುಟ್ಟಿಸುವುದು ಅದೇ. ಆಷಾಢದ ಮಳೆಯ ನಡುರಾತ್ರಿಯಲ್ಲಿ ಹೆರಿಗೆಯ ಬೇನೆಯೆದ್ದ ಹೆಣ್ಣುಮಗಳನ್ನು ಕೆಸರಿನ ದಾರಿ ದಾಟಿಸಿ ಆಸ್ಪತ್ರೆಗೆ ಸೇರಿಸುವುದೂ ಅದೇ. ಇಷ್ಟೆಲ್ಲ ಭಾರವನ್ನೂ ನೆಲಕ್ಕೆ ತಾಗಿಸಿ ಹಿಡಿದಿರುವುದು ನಾಲ್ಕು ಟೈರುಗಳು. ಅವು ನೆಲವನ್ನು ಮುಟ್ಟುವ ಜಾಗವಾದರೋ, ಒಂದೊಂದಕ್ಕೂ ಅಂಗೈಗಿಂತ ಬಹಳ ಹೆಚ್ಚಿನದಲ್ಲ. ಹೀಗಿದ್ದರೂ ಟೈರು ಸವೆದು ಹೊಸದನ್ನು ಕೊಳ್ಳುವ ದಿನ ಬಂದಾಗ ಅದರ ಪಕ್ಕೆಯ ಮೇಲೆ ಬರೆದಿರುವ ಅಂಕಿಗಳನ್ನು ಓದಿ ಅರ್ಥಮಾಡಿಕೊಳ್ಳುವವರು ವಿರಳ.

ಮೂಡಿಗೆರೆಯ ಕಡೆಯ ಟೈರಿನಂಗಡಿಯೊಂದರಲ್ಲಿ ನಡೆಯಬಹುದಾದ ಒಂದು ಮಾತುಕತೆಯನ್ನು ಓದುಗರು ಊಹಿಸಿಕೊಳ್ಳಬಹುದು. ತೋಟದ ಯಜಮಾನರ ಮಗನೊಬ್ಬನು 2010ರ ಮಾದರಿಯ ಥಾರ್ ಗಾಡಿಯನ್ನು ತಂದು ಅಂಗಡಿಯ ಮುಂದೆ ನಿಲ್ಲಿಸಿದ್ದಾನೆ. ನೆರೆಯ ತೋಟದ ಹಳೆಯ ಜೀಪಿಗೆ ಹೊಸದಾಗಿ ಹಾಕಿಸಿರುವ ದಪ್ಪ ಟೈರುಗಳು ಅವನ ಕಣ್ಣಿನಲ್ಲಿ ನಿಂತಿವೆ.

“ಅಣ್ಣಾ, ನಮ್ಮ ಪಕ್ಕದ ತೋಟದವ್ರು ಮೂವತ್ತೊಂದು ಹತ್ತೂವರೆ ಹಾಕ್ಸಿದಾರಲ್ಲ, ನಂಗೂ ಅದೇ ಬೇಕು.”

“ಅದು ಹದಿನೈದರ ರಿಮ್ಮಿಂದು ಗೌಡ್ರೇ, ನಿಮ್ಮದು ಹದಿನಾರು. ಇನ್ನೂರ ಅರವತ್ತೈದು ಎಪ್ಪತ್ತು ಹದಿನಾರು ಇದೆ, ಕೊಡ್ಲಾ? ಹೆಚ್ಚೂ ಕಮ್ಮಿ ಎರಡೂ ಒಂದೇ ಅಳತೆ.”

“ಈಗಿರೋದು ಇನ್ನೂರ ಮೂವತ್ತೈದು ಎಪ್ಪತ್ತು ಹದಿನಾರು. ಎಪ್ಪತ್ತು ಎಪ್ಪತ್ತೇ ಇದೆ, ಹದಿನಾರು ಹದಿನಾರೇ ಇದೆ. ಬರೀ ಅಗಲ ತಾನೆ ಜಾಸ್ತಿ ಆಗೋದು? ಹಾಕಿ ಹಾಗಾದ್ರೆ. ನಾಲ್ಕೇ ಸಾಕು, ಸ್ಟೆಪ್ನಿ ಹೊಸದಾಗೇ ಇದೆ.”

ಈ ಸಣ್ಣ ಮಾತುಕತೆಯಲ್ಲಿ ಎರಡು ಬೇರೆಬೇರೆ ಪ್ರಶ್ನೆಗಳು ಒಂದರೊಳಗೊಂದು ಸೇರಿಹೋಗಿವೆ. ಅಂಗುಲದಲ್ಲಿ ಬರೆದ ಆ ಟೈರೂ ಮಿಲಿಮೀಟರಿನಲ್ಲಿ ಬರೆದ ಈ ಟೈರೂ ಒಂದೇ ಅಳತೆಯವೇ ಎಂಬುದು ಮೊದಲನೆಯ ಪ್ರಶ್ನೆ. ಆ ಅಳತೆಯು ಈ ಗಾಡಿಗೆ ಒಪ್ಪುವುದೇ ಎಂಬುದು ಎರಡನೆಯದು. ಅಂಗಡಿಯವರು ಉತ್ತರ ಹೇಳಿದ್ದು ಮೊದಲನೆಯದಕ್ಕೆ. ಹುಡುಗನು ಅದನ್ನು ಎರಡನೆಯದರ ಉತ್ತರವೆಂದು ತಿಳಿದುಕೊಂಡನು. ಅದರ ಜೊತೆಗೆ, ಅಗಲವೊಂದೇ ಹೆಚ್ಚುವುದೆಂದು ಎಣಿಸಿದ್ದು ಒಂದು ತಪ್ಪು. ಸ್ಟೆಪ್ನಿಯನ್ನು ಹಾಗೆಯೇ ಉಳಿಸಿಕೊಂಡದ್ದು ಮತ್ತೊಂದು ತಪ್ಪು. ಇವನ್ನು ಒಂದೊಂದಾಗಿ ಬಿಡಿಸಿ ನೋಡಬೇಕಾದರೆ ಟೈರಿನ ಭಾಷೆಯನ್ನು ಸ್ವಲ್ಪ ಕಲಿಯಬೇಕಾಗುತ್ತದೆ.

ಹುಡುಗನ ಗಾಡಿಯ ಹಳೆಯ ಟೈರಿನ ಮೇಲೆ 235/70 ಆರ್ 16 ಎಂದಿದೆ. ಇದರಲ್ಲಿ 235 ಎಂಬುದು ಟೈರಿನ ಅಗಲ. ಗಾಳಿ ತುಂಬಿದ ಟೈರನ್ನು ಎದುರಿನಿಂದ ನೋಡಿದಾಗ ಒಂದು ಪಕ್ಕೆಯಿಂದ ಇನ್ನೊಂದು ಪಕ್ಕೆಯವರೆಗೆ ಇರುವ ಅಗಲವನ್ನು ಇದು ಮಿಲಿಮೀಟರುಗಳಲ್ಲಿ ಹೇಳುತ್ತದೆ. 70 ಎಂಬುದು ಯಾವ ಅಳತೆಯೂ ಅಲ್ಲ, ಅದೊಂದು ಪ್ರಮಾಣ. ರಿಮ್ಮಿನಿಂದ ನೆಲದವರೆಗೆ ಟೈರಿನ ಪಕ್ಕೆಯ ಎತ್ತರವು ಅದರ ಅಗಲದಲ್ಲಿ ಶೇಕಡಾ 70ರಷ್ಟು ಎಂದು ಅದರ ಅರ್ಥ. ಆರ್ ಎಂಬ ಅಕ್ಷರವು ರೇಡಿಯಲ್ ಎಂಬುದರ ಸಂಕ್ಷೇಪ. ಟೈರಿನ ಒಡಲಿನ ನೂಲುಗಳು ಚಕ್ರದ ನಡುವಿನಿಂದ ಹೊರಟ ಕಿರಣಗಳಂತೆ ನೇರವಾಗಿ ಹೆಣೆಯಲ್ಪಟ್ಟಿವೆ ಎಂಬುದನ್ನು ಅದು ಸೂಚಿಸುತ್ತದೆ. ಕೊನೆಯ 16 ಎಂಬುದು ರಿಮ್ಮಿನ ವ್ಯಾಸ. ಇದು ಮಾತ್ರ ಅಂಗುಲಗಳಲ್ಲಿ!

ಕನ್ನಡದ ವೈಯಾಕರಣರು ಸಂಸ್ಕೃತದ ಪದವನ್ನೂ ಕನ್ನಡದ ಪದವನ್ನೂ ಜೋಡಿಸಿ ಮಾಡಿದ ಸಮಾಸಕ್ಕೆ ಅರಿಸಮಾಸವೆಂದು ಹೆಸರಿಟ್ಟರು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅದನ್ನು ದೋಷವೆಂದೇ ಎಣಿಸಿದರೂ, ಬಿರುದಾವಳಿಗಳಲ್ಲಿಯೂ ಹಿಂದಿನವರ ರೂಢಿಯಲ್ಲಿ ನೆಲೆಗೊಂಡ ಕಡೆಗಳಲ್ಲಿಯೂ ಒಪ್ಪಿಕೊಂಡಿದ್ದಾನೆ. ‘ದಿನಗೂಲಿ’ ಎಂಬ ಮಾತಿನಲ್ಲಿ ದಿನವು ಸಂಸ್ಕೃತದ್ದು, ಕೂಲಿಯು ಕನ್ನಡದ್ದು; ಹಾಗೆಂದು ಆ ಮಾತನ್ನು ಬಿಟ್ಟವರುಂಟೆ? 235/70 ಆರ್ 16 ಎಂಬುದೂ ಅಂತಹುದೇ ಒಂದು ಅರಿಸಮಾಸ. ಅಗಲಕ್ಕೆ ಮಿಲಿಮೀಟರು, ಒಳಸುತ್ತಿಗೆ ಅಂಗುಲ, ನಡುವೆ ಎರಡಕ್ಕೂ ಸೇರದ ಒಂದು ಶೇಕಡಾವಾರು. ರೂಢಿಯು ವ್ಯಾಕರಣವನ್ನು ಗೆದ್ದಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಂತ್ರಲೋಕದಲ್ಲಿ ಸಿಕ್ಕಲಾರದು.

ಈ ಬೆರಕೆಗೆ ಚರಿತ್ರೆಯಲ್ಲಿ ಕಾರಣವುಂಟು. ಗಾಳಿ ತುಂಬುವ ಟೈರಿಗೆ ಮೊದಲು ಪೇಟೆಂಟು ಪಡೆದವನು ರಾಬರ್ಟ್ ವಿಲಿಯಂ ಥಾಮ್ಸನ್, ಅದು 1845ರಲ್ಲಿ. ಆ ಕಲ್ಪನೆಯು ಮರೆತುಹೋಗಿದ್ದಾಗ 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮತ್ತೆ ಅದನ್ನು ಬಳಕೆಗೆ ತಂದನು. ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಈ ಉದ್ಯಮವು ಬೆಳೆದುದರಿಂದ ಅಂಗುಲವೇ ಅದರ ತಾಯಿನುಡಿಯಾಯಿತು. ಫ್ರಾನ್ಸಿನ ಮಿಶೆಲಿನ್ ಸಂಸ್ಥೆಯು 1946ರಲ್ಲಿ ರೇಡಿಯಲ್ ಟೈರಿಗೆ ಪೇಟೆಂಟು ಪಡೆದ ಮೇಲೆ ಯೂರೋಪಿನ ರೇಡಿಯಲ್ ಟೈರುಗಳೊಂದಿಗೆ ಮಿಲಿಮೀಟರು ಬಂದಿತು. ಆದರೆ ರಿಮ್ಮುಗಳನ್ನು ಮಾಡುವ ಅಚ್ಚುಗಳೂ ಯಂತ್ರಗಳೂ ಲೋಕದಲ್ಲೆಲ್ಲ ಅಂಗುಲದಲ್ಲಿದ್ದುವು. 1975ರಲ್ಲಿ ಅದೇ ಮಿಶೆಲಿನ್ ಸಂಸ್ಥೆಯು ಟಿ.ಆರ್.ಎಕ್ಸ್. ಎಂಬ ಹೆಸರಿನಲ್ಲಿ ರಿಮ್ಮಿನ ವ್ಯಾಸವನ್ನೂ ಮಿಲಿಮೀಟರಿನಲ್ಲಿಯೇ ಇಟ್ಟು ಹೊಸದೊಂದು ಬಗೆಯನ್ನು ಹೊರತಂದಿತು. ಅದರಲ್ಲಿ 390 ಮಿಲಿಮೀಟರಿನ ರಿಮ್ಮೊಂದು ಇದ್ದಿತು. 15 ಅಂಗುಲವೆಂದರೆ 381 ಮಿಲಿಮೀಟರು. 16 ಅಂಗುಲವೆಂದರೆ 406.4. ನಡುವೆ ನಿಂತ ಈ 390ರ ರಿಮ್ಮಿಗೆ ಬೇರೆ ಯಾವ ಟೈರೂ ಕೂರುವಂತಿರಲಿಲ್ಲ. ವ್ಯಾಕರಣಶುದ್ಧವಾಗಿದ್ದ ಆ ಪ್ರಯತ್ನವು ಹೀಗೆ ನೆಲೆನಿಲ್ಲದೆ ಹೋಗಿ, ಅರಿಸಮಾಸವೇ ಉಳಿದುಕೊಂಡಿತು.

ಭಾರತದವರಿಗಂತೂ ಇಂತಹ ಎರಡು ಅಳತೆಗಳ ಬಾಳು ಹೊಸದಲ್ಲ. 1956ರ ತೂಕ ಮತ್ತು ಅಳತೆಗಳ ಕಾನೂನಿನಂತೆ 1958ರ ಅಕ್ಟೋಬರಿನಿಂದ ಮೆಟ್ರಿಕ್ ಪದ್ಧತಿಯು ಹಂತಹಂತವಾಗಿ ಜಾರಿಗೆ ಬಂದಿತು. ಸೇರು ಮಣಗಳು ಹೋಗಿ ಕಿಲೋಗ್ರಾಂ ಬಂದಿತು. ರಸ್ತೆಯ ಬದಿಯ ಕಲ್ಲು ಕಿಲೋಮೀಟರನ್ನು ತೋರಿಸತೊಡಗಿ ಎಷ್ಟೋ ದಶಕಗಳಾದರೂ ಜನರ ಬಾಯಲ್ಲಿ ಅದು ಇಂದಿಗೂ ಮೈಲಿಗಲ್ಲೇ. 1959ರ ಜುಲೈ 1ರಿಂದ ಬ್ರಿಟನ್, ಅಮೆರಿಕ ಮುಂತಾದ ಆರು ದೇಶಗಳು ಒಪ್ಪಂದ ಮಾಡಿಕೊಂಡು ಒಂದು ಅಂಗುಲವೆಂದರೆ ಸರಿಯಾಗಿ 25.4 ಮಿಲಿಮೀಟರು ಎಂದು ಗೊತ್ತುಪಡಿಸಿದುವು. ಈ 25.4 ಎಂಬ ಸಂಖ್ಯೆಯೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಟೈರಿನ ಭಾಷಾಂತರಕ್ಕೆ ಬೇರೆ ನಿಘಂಟು ಬೇಕಿಲ್ಲ.

ಹುಡುಗನ ಹಳೆಯ ಟೈರಿನಿಂದಲೇ ಲೆಕ್ಕವನ್ನು ತೊಡಗಬಹುದು. ಅಗಲ 235; ಅದರ ಶೇಕಡಾ 70 ಎಂದರೆ 164.5 ಮಿಲಿಮೀಟರು. ಇದು ಒಂದು ಕಡೆಯ ಪಕ್ಕೆಯ ಎತ್ತರ. ರಿಮ್ಮಿನ ಮೇಲೊಂದು ಕೆಳಗೊಂದು ಎಂದು ಪಕ್ಕೆಗಳು ಎರಡು ಬರುವುದರಿಂದ 329. ರಿಮ್ಮಿನ 16 ಅಂಗುಲವನ್ನು 25.4ರಿಂದ ಗುಣಿಸಿದರೆ 406.4. ಎರಡನ್ನೂ ಕೂಡಿಸಿದರೆ ಇಡೀ ಚಕ್ರದ ವ್ಯಾಸ 735.4 ಮಿಲಿಮೀಟರು. ಇದನ್ನು 25.4ರಿಂದ ಭಾಗಿಸಿದರೆ ಸುಮಾರು 29 ಅಂಗುಲ. ಪಕ್ಕೆಯನ್ನು ಎರಡರಿಂದ ಗುಣಿಸುವುದನ್ನು ಮರೆಯುವುದೇ ಈ ಲೆಕ್ಕದಲ್ಲಿ ಹೊಸಬರು ಮಾಡುವ ಸಾಮಾನ್ಯವಾದ ತಪ್ಪು.

ಅಂಗುಲದಿಂದ ಮಿಲಿಮೀಟರಿಗೆ ಹೋಗುವ ದಾರಿಯು ಇದರ ವಿಲೋಮ. ನೆರೆಯವರ ಜೀಪಿನ ಟೈರಿನ ಮೇಲೆ 31×10.50 ಆರ್ 15 ಎಂದಿದೆ. ಅಮೆರಿಕದಲ್ಲಿ ಹಗುರವಾದ ಟ್ರಕ್ಕುಗಳಿಗಾಗಿ ರೂಢಿಗೆ ಬಂದ ಈ ಬಗೆಯ ಬರವಣಿಗೆಯಲ್ಲಿ ಮೂರೂ ಅಂಕಿಗಳು ಅಂಗುಲಗಳೇ: ಇಡೀ ವ್ಯಾಸ 31, ಅಗಲ ಹತ್ತೂವರೆ, ರಿಮ್ಮು 15. ವ್ಯಾಸವು ಇಲ್ಲಿ ನೇರವಾಗಿಯೇ ಕಣ್ಣಿಗೆ ಕಾಣುವುದರಿಂದ ಜೀಪಿನವರಿಗೆ ಈ ಪದ್ಧತಿಯ ಮೇಲೆ ಪ್ರೀತಿ ಹೆಚ್ಚು. ವ್ಯಾಸದಿಂದ ರಿಮ್ಮನ್ನು ಕಳೆದರೆ 16 ಅಂಗುಲ. ಅದರ ಅರ್ಧ 8 ಅಂಗುಲ, ಎಂದರೆ 203.2 ಮಿಲಿಮೀಟರು, ಪಕ್ಕೆಯ ಎತ್ತರ. ಅಗಲ ಹತ್ತೂವರೆ ಅಂಗುಲವೆಂದರೆ 266.7 ಮಿಲಿಮೀಟರು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಶೇಕಡಾ 76. ಆದರೆ ಅಂಗಡಿಯಲ್ಲಿ 266.7ರ ಅಗಲವಾಗಲಿ 76ರ ಪ್ರಮಾಣವಾಗಲಿ ದೊರೆಯುವುದಿಲ್ಲ. ಅಗಲಗಳು 245, 255, 265 ಎಂದು ಹತ್ತುಹತ್ತರ ಮೆಟ್ಟಿಲಲ್ಲಿ ಏರುತ್ತವೆ. ಪ್ರಮಾಣಗಳು 65, 70, 75 ಎಂದು ಐದೈದರ ಮೆಟ್ಟಿಲಲ್ಲಿ. ಆದುದರಿಂದ ಅತ್ಯಂತ ಹತ್ತಿರದ ಮೆಟ್ರಿಕ್ ಅಳತೆ 265/75 ಆರ್ 15 ಎಂದಾಗುತ್ತದೆ. ಅದರ ವ್ಯಾಸವನ್ನು ಮೊದಲಿನ ಕ್ರಮದಲ್ಲಿ ಕಂಡುಕೊಂಡರೆ 778.5 ಮಿಲಿಮೀಟರು. 31 ಅಂಗುಲವಾದರೋ 787.4. ಭಾಷಾಂತರದಲ್ಲಿ 9 ಮಿಲಿಮೀಟರು ಸೋರಿಹೋಯಿತು.

ಹುಡುಗನ ರಿಮ್ಮು 16 ಅಂಗುಲದ್ದಾದುದರಿಂದ ಅವನಿಗೆ ಬೇಕಾದ ಲೆಕ್ಕ ಸ್ವಲ್ಪ ಬೇರೆ. 31ರಿಂದ 16ನ್ನು ಕಳೆದು ಅರ್ಧಮಾಡಿದರೆ ಪಕ್ಕೆ ಏಳೂವರೆ ಅಂಗುಲ, ಎಂದರೆ 190.5 ಮಿಲಿಮೀಟರು. ಇದು 265ರಲ್ಲಿ ಶೇಕಡಾ 72ರ ಸುಮಾರು. 75ಕ್ಕಿಂತ 70 ಹತ್ತಿರ. 265/70 ಆರ್ 16 ಟೈರಿನ ವ್ಯಾಸ 777.4 ಮಿಲಿಮೀಟರು, ಎಂದರೆ 30.6 ಅಂಗುಲ. ಅಂಗಡಿಯವರು ಬಾಯಿಲೆಕ್ಕದಲ್ಲಿ ಹೇಳಿದ್ದು ಸರಿಯಾಗಿಯೇ ಇದ್ದಿತು. ನೆರೆಯವರ ಟೈರಿಗೂ ಇದಕ್ಕೂ ವ್ಯಾಸದಲ್ಲಿ 10 ಮಿಲಿಮೀಟರಿನಷ್ಟು ಮಾತ್ರ ಅಂತರ. ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕಿತು.

ಇನ್ನು ಹುಡುಗನ ಮೊದಲನೆಯ ತಪ್ಪು. 235/70 ಹೋಗಿ 265/70 ಬಂದರೆ ಅಗಲವೊಂದೇ ಹೆಚ್ಚುವುದೆಂದು ಅವನು ತಿಳಿದನು. 70 ಎಂಬುದು ಅಳತೆಯಾಗಿದ್ದರೆ ಅವನ ಮಾತು ಸರಿಯಾಗುತ್ತಿತ್ತು. ಅದು ಅಗಲದ ಪಾಲಾದುದರಿಂದ ಅಗಲ ಬೆಳೆದರೆ ಪಕ್ಕೆಯೂ ಜೊತೆಯಲ್ಲಿಯೇ ಬೆಳೆಯುತ್ತದೆ. ಹತ್ತು ರೂಪಾಯಿಗೆ ಶೇಕಡಾ 70 ಬೇರೆ, ಹನ್ನೆರಡು ರೂಪಾಯಿಗೆ ಶೇಕಡಾ 70 ಬೇರೆ ಎಂಬಷ್ಟೇ ಸರಳವಾದ ಮಾತಿದು. 735.4 ಇದ್ದ ವ್ಯಾಸವು 777.4 ಆಯಿತು. ಅಗಲ ಹೆಚ್ಚಿದ್ದು 30 ಮಿಲಿಮೀಟರಾದರೆ ವ್ಯಾಸ ಹೆಚ್ಚಿದ್ದು 42!

ರಿಮ್ಮಿನ ಅಂಕಿಯನ್ನು ನೋಡಿ ಚಕ್ರದ ಗಾತ್ರವನ್ನು ಊಹಿಸುವುದೂ ಇಂತಹುದೇ ಒಂದು ಭ್ರಾಂತಿ. 2020ರಲ್ಲಿ ಬಂದ ಹೊಸ ಥಾರ್ ಗಾಡಿಯ ಒಂದು ಬಗೆಗೆ 245/75 ಆರ್ 16 ಟೈರುಗಳನ್ನೂ ಇನ್ನೊಂದು ಬಗೆಗೆ 255/65 ಆರ್ 18 ಟೈರುಗಳನ್ನೂ ಕೊಟ್ಟರು. ರಿಮ್ಮಿನಲ್ಲಿ ಎರಡು ಅಂಗುಲಗಳ ಅಂತರವಿದ್ದರೂ ಇಡೀ ವ್ಯಾಸಗಳು 773.9 ಮತ್ತು 788.7, ನೂರಕ್ಕೆ ಎರಡರಷ್ಟೂ ಅಂತರವಿಲ್ಲ. ರಿಮ್ಮು ದೊಡ್ಡದಾದಂತೆ ಪಕ್ಕೆಯನ್ನು ಕುಗ್ಗಿಸಿ ಹೊರಸುತ್ತನ್ನು ಹತ್ತಿರಹತ್ತಿರ ಸಮಮಾಡಿದ್ದಾರೆ. ಒಂದೇ ಗಾಡಿಗೆ ಎರಡು ಅಳತೆಗಳನ್ನು ಹೇಗೆ ಹೊಂದಿಸಬೇಕೆಂಬುದನ್ನು ತಯಾರಕರೇ ಇಲ್ಲಿ ತೋರಿಸಿಕೊಟ್ಟಂತಾಗಿದೆ.

ಇವೆರಡು ಬಗೆಗಳಿಗಿಂತಲೂ ಹಳೆಯದಾದ ಮೂರನೆಯದೊಂದು ಬರವಣಿಗೆಯುಂಟು. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ ಟೈರು 6.00-16. ಅದೇ ಜೀಪನ್ನು 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ಜೋಡಿಸತೊಡಗಿತು. 6 ಅಂಗುಲ ಅಗಲ, 16 ಅಂಗುಲ ರಿಮ್ಮು. ಪ್ರಮಾಣದ ಮಾತೇ ಇಲ್ಲ. ಆ ಕಾಲದ ಟೈರಿನ ಪಕ್ಕೆಯ ಎತ್ತರವು ಹೆಚ್ಚುಕಡಿಮೆ ಅಗಲದಷ್ಟೇ ಇರುತ್ತಿದ್ದುದರಿಂದ ಅದನ್ನು ಬೇರೆಯಾಗಿ ಬರೆಯುವ ಅಗತ್ಯವಿರಲಿಲ್ಲ. ಇಂತಹ ಟೈರಿನ ವ್ಯಾಸವನ್ನು ಅಂದಾಜುಮಾಡಲು ಅಗಲವನ್ನು ಎರಡರಿಂದ ಗುಣಿಸಿ ರಿಮ್ಮಿಗೆ ಕೂಡಿಸಿದರಾಯಿತು: 28 ಅಂಗುಲ. ನಿಜವಾದ ಟೈರುಗಳು ಇದಕ್ಕಿಂತ ಕೊಂಚ ಹೆಚ್ಚಾಗಿಯೇ ಇರುತ್ತವೆ. ಲ್ಯಾಂಡ್ ರೋವರ್ ಗಾಡಿಗಳ 7.50-16 ಟೈರಿಗೆ ಇದೇ ಲೆಕ್ಕದಲ್ಲಿ 31 ಅಂಗುಲ. ಅದರ ಬದಲಿಗೆ ಬಳಕೆಯಲ್ಲಿರುವ ಮೆಟ್ರಿಕ್ ಅಳತೆ 235/85 ಆರ್ 16, ವ್ಯಾಸ 31.7 ಅಂಗುಲ. ಹಳೆಯ ಬರವಣಿಗೆಯ ಟೈರಿಗೆ ಸೂತ್ರಕ್ಕಿಂತ ತಯಾರಕರ ಪಟ್ಟಿಯೇ ಹೆಚ್ಚು ನಂಬಿಕೆಗೆ ಅರ್ಹವೆಂಬುದು ಇದರಿಂದ ತಿಳಿಯುತ್ತದೆ.

ಈಗ ಎರಡನೆಯ ಪ್ರಶ್ನೆಗೆ ಬರಬಹುದು. ವ್ಯಾಸವು 42 ಮಿಲಿಮೀಟರು ಹೆಚ್ಚಾದರೆ ಗಾಡಿಯು ನೆಲದಿಂದ ಮೇಲೇಳುವುದು ಅದರ ಅರ್ಧ ಮಾತ್ರ, 21 ಮಿಲಿಮೀಟರು. ಅಚ್ಚು ಇರುವುದು ಚಕ್ರದ ನಡುವಿನಲ್ಲಲ್ಲವೆ? ದಾರಿಯ ನಡುವಿನ ಕಲ್ಲನ್ನು ದಾಟಲು ಒಂದು ಹೆಬ್ಬೆರಳಿನ ದಪ್ಪದಷ್ಟು ಲಾಭ. ಈ ಲಾಭಕ್ಕೆ ಕೊಡಬೇಕಾದ ಬೆಲೆಯನ್ನು ನೋಡಿದರೆ ಹೊಸ ಚಕ್ರವು ಹಳೆಯದಕ್ಕಿಂತ ಶೇಕಡಾ 5.7ರಷ್ಟು ದೊಡ್ಡದು. ಚಕ್ರದ ಒಂದು ಸುತ್ತಿಗೆ ಗಾಡಿಯು ಅಷ್ಟು ಹೆಚ್ಚು ದೂರ ಹೋಗುತ್ತದೆ. ವೇಗಮಾಪಕಕ್ಕೆ ಇದು ಗೊತ್ತಾಗುವುದಿಲ್ಲ. ಅದು ಎಣಿಸುವುದು ಸುತ್ತುಗಳನ್ನು. ಹಳೆಯ ಟೈರಿನಲ್ಲಿ ಅದು ಸರಿಯಾಗಿ ತೋರಿಸುತ್ತಿದ್ದ ಪಕ್ಷದಲ್ಲಿ, ಹೊಸ ಟೈರಿನಲ್ಲಿ 80 ಎಂದು ತೋರಿಸುವಾಗ ಗಾಡಿಯ ನಿಜವಾದ ವೇಗ 84.6 ಕಿಲೋಮೀಟರು. ವೇಗಮಾಪಕವು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಕೂಡದೆಂದು ವಿಶ್ವಸಂಸ್ಥೆಯ 39ನೆಯ ವಾಹನ ನಿಯಮವು ಹೇಳುತ್ತದೆ. ತಯಾರಕರು ಅದಕ್ಕಾಗಿ ಸ್ವಲ್ಪ ಹೆಚ್ಚಾಗಿಯೇ ತೋರಿಸುವಂತೆ ಮಾಡಿಟ್ಟಿರುತ್ತಾರೆ. ದೊಡ್ಡ ಟೈರು ಆ ಮೀಸಲನ್ನು ತಿಂದುಹಾಕುತ್ತದೆ. ಓಡಿದ ದೂರದ ಲೆಕ್ಕವೂ ಹೀಗೆಯೇ: ಮಾಪಕದಲ್ಲಿ 10,000 ಕಿಲೋಮೀಟರು ಕಂಡಾಗ ಗಾಡಿಯು 10,571 ಓಡಿರುತ್ತದೆ. ಎಣ್ಣೆ ಬದಲಿಸುವ ದಿನ ಮುಂದೆ ಹೋಗುತ್ತದೆ. ಡೀಸೆಲು ನಿಜಕ್ಕಿಂತ ಹೆಚ್ಚು ಖರ್ಚಾದಂತೆ ತೋರುತ್ತದೆ.

ಇಳಿಜಾರಿನ ಮಾತು ಇದಕ್ಕಿಂತ ಗಂಭೀರವಾದುದು. ಮೊದಲನೆಯ ಗೇರಿನಲ್ಲಿ ಎಂಜಿನ್ನಿನ ಬಿಗಿಯಿಂದ ಗುಡ್ಡ ಇಳಿಯುವಾಗ ಗಾಡಿಯು ಅದೇ ಶೇಕಡಾ 5.7ರಷ್ಟು ಬೇಗನೆ ಇಳಿಯುತ್ತದೆ. ಏರುವಾಗ ಎಳೆತವು ಅಷ್ಟರಮಟ್ಟಿಗೆ ತಗ್ಗುತ್ತದೆ. ಬ್ರೇಕಿನ ತಟ್ಟೆಯು ಮೊದಲಿನದೇ. ಚಕ್ರದ ಅಂಚು ಮಾತ್ರ ಅದರಿಂದ ದೂರ ಸರಿದಿದೆ. ಉದ್ದವಾದ ಸನ್ನೆಯನ್ನು ಅದರ ಬುಡದಲ್ಲಿ ಹಿಡಿದು ನಿಲ್ಲಿಸುವುದು ಕಷ್ಟವಾಗುವಂತೆ, ಪೆಡಲನ್ನು ಮೊದಲಿನಷ್ಟೇ ಒತ್ತಿದರೂ ನೆಲದಲ್ಲಿ ದೊರೆಯುವ ತಡೆಯು ಸುಮಾರು ಶೇಕಡಾ 5ರಷ್ಟು ಕಡಿಮೆಯಾಗುತ್ತದೆ. ಒಣಗಿದ ಬಯಲು ರಸ್ತೆಯಲ್ಲಿ ಇದು ಗಮನಕ್ಕೇ ಬಾರದಿರಬಹುದು. ಜೀಪಿನ ತುಂಬ ಜನರನ್ನು ಕೂರಿಸಿಕೊಂಡು ಮಳೆಯಲ್ಲಿ ಘಟ್ಟದ ತಿರುವನ್ನು ಇಳಿಯುವವನಿಗೆ ಆ ಐದು ಪಾಲಿನ ಬೆಲೆ ತಿಳಿದೀತು.

ಅಂಕಿಗಳಲ್ಲಿ ಕಾಣದ ಸಂಗತಿಗಳೂ ಕೆಲವಿವೆ. ರಿಮ್ಮಿನ ವ್ಯಾಸವನ್ನು ಟೈರು ಹೇಳುತ್ತದೆ. ರಿಮ್ಮಿನ ಅಗಲವನ್ನು ಹೇಳುವುದಿಲ್ಲ. 265/70 ಆರ್ 16 ಟೈರಿಗೂ 31×10.50 ಆರ್ 15 ಟೈರಿಗೂ ಒಪ್ಪುವ ರಿಮ್ಮಿನ ಅಗಲ 7ರಿಂದ 9 ಅಂಗುಲ. ಅದಕ್ಕಿಂತ ಕಿರಿದಾದ ರಿಮ್ಮಿನ ಮೇಲೆ ಕೂರಿಸಿದರೆ ಟೈರು ಬುಡ ಕಿರಿದಾಗಿ ಹೊಟ್ಟೆ ಉಬ್ಬಿದ ಮಡಕೆಯಂತಾಗಿ, ತಿರುವಿನಲ್ಲಿ ಓಲಾಡುತ್ತದೆ. ರಿಮ್ಮು ಅರ್ಧ ಅಂಗುಲ ಕಿರಿದಾದರೆ ಟೈರಿನ ಅಗಲವೂ ಸುಮಾರು 5 ಮಿಲಿಮೀಟರು ತಗ್ಗುತ್ತದೆ. ಆದುದರಿಂದ ಪಕ್ಕೆಯ ಮೇಲೆ ಬರೆದ ಅಗಲವೂ ಎಲ್ಲ ರಿಮ್ಮಿನ ಮೇಲೂ ನಿಜವಲ್ಲ. ಇದಲ್ಲದೆ, ಅಳತೆಯ ಮುಂದೆ ಬರುವ ಸಣ್ಣ ಅಂಕಿಯೊಂದು ಟೈರು ಹೊರಬಲ್ಲ ಭಾರದ ಸಂಕೇತ: 100 ಎಂದಿದ್ದರೆ 800 ಕಿಲೋಗ್ರಾಂ, 109 ಎಂದಿದ್ದರೆ 1,030. ಅದರ ಪಕ್ಕದ ಅಕ್ಷರವು ತಾಳಬಲ್ಲ ವೇಗ: ಕ್ಯೂ ಎಂದರೆ ಗಂಟೆಗೆ 160 ಕಿಲೋಮೀಟರು, ಎಸ್ ಎಂದರೆ 180. ಅಳತೆ ಹೊಂದಿದರೂ ಭಾರದ ಸಂಕೇತವು ಹಳೆಯದಕ್ಕಿಂತ ಕಡಿಮೆಯಿರುವ ಟೈರನ್ನು ಹಾಕಿಸತಕ್ಕದ್ದಲ್ಲ. ಕಾನೂನಿನ ಮಾತೂ ಒಂದುಂಟು. ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾನೂನಿನ 52ನೆಯ ಪ್ರಕರಣವು ತಡೆಯುತ್ತದೆ. ಆದುದರಿಂದ ಗಾಡಿಯ ಕೈಪಿಡಿಯಲ್ಲಿಯೂ ಬಾಗಿಲ ಬಳಿಯ ಫಲಕದಲ್ಲಿಯೂ ಕೊಟ್ಟಿರುವ ಅಳತೆಗಳನ್ನು ಮೊದಲು ಓದಿಕೊಳ್ಳುವುದು ಮೇಲು.

ಕಡೆಯದಾಗಿ ಸ್ಟೆಪ್ನಿ. ವೇಲ್ಸಿನ ಲನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ತಯಾರಾಗತೊಡಗಿದ ಹೆಚ್ಚುವರಿ ಚಕ್ರದಿಂದ ಬಂದ ಈ ಹೆಸರು ಆ ದೇಶದಲ್ಲಿ ಮರೆತುಹೋಗಿದ್ದರೂ ಭಾರತದಲ್ಲಿ ಮನೆಮಾತಾಗಿ ಉಳಿದಿದೆ. ಹುಡುಗನು ನಾಲ್ಕು ಹೊಸ ಟೈರುಗಳನ್ನು ಹಾಕಿಸಿ ಹಳೆಯ 235/70 ಆರ್ 16 ಸ್ಟೆಪ್ನಿಯನ್ನು ಹಾಗೆಯೇ ಬಿಟ್ಟನೆನ್ನಬಹುದು. ಒಂದು ರಾತ್ರಿ ತೋಟದ ದಾರಿಯಲ್ಲಿ ಹಿಂದಿನ ಟೈರು ಪಂಕ್ಚರಾಗುತ್ತದೆ. ಸ್ಟೆಪ್ನಿಯನ್ನು ಹಾಕುತ್ತಾನೆ. ಈಗ ಒಂದೇ ಅಚ್ಚಿನ ಎಡಬಲಗಳಲ್ಲಿ ಬೇರೆಬೇರೆ ಚಕ್ರಗಳು. ಒಂದು ಕಿಲೋಮೀಟರಿಗೆ ದೊಡ್ಡ ಚಕ್ರವು 409 ಸುತ್ತು ತಿರುಗಿದರೆ ಸಣ್ಣದು 433 ಸುತ್ತು ತಿರುಗಬೇಕು. ತಿರುವಿನಲ್ಲಿ ಮಾತ್ರ ಕೆಲಸಮಾಡಬೇಕಾದ ಡಿಫರೆನ್ಶಿಯಲ್ಲು ನೇರವಾದ ದಾರಿಯಲ್ಲಿಯೂ ಬಿಡುವಿಲ್ಲದೆ ದುಡಿಯುತ್ತದೆ. ಆ ಮೇಲೆ ನಾಲ್ಕು ಚಕ್ರಗಳಿಗೂ ಶಕ್ತಿ ಕೊಡುವ ಸನ್ನೆಕೋಲನ್ನು ಎಳೆದರೆ ಮುಂದಿನ ಅಚ್ಚೂ ಹಿಂದಿನ ಅಚ್ಚೂ ಒಂದೇ ಲೆಕ್ಕದಲ್ಲಿ ತಿರುಗಬೇಕೆಂದು ಯಂತ್ರವು ಹಟಹಿಡಿಯುತ್ತದೆ; ಚಕ್ರಗಳು ಒಪ್ಪುವುದಿಲ್ಲ. ಕೆಸರಿನಲ್ಲಿ ಟೈರು ಜಾರಿ ಈ ಜಗಳವನ್ನು ಬಿಡಿಸಿಕೊಳ್ಳುತ್ತದೆ. ಗಟ್ಟಿಯಾದ ನೆಲದಲ್ಲಿ ಜಾರಲು ಎಡೆಯಿಲ್ಲದೆ ಆ ತಿರುಚುಬಲವೆಲ್ಲ ಗೇರುಗಳ ಮೇಲೆಯೂ ಶಾಫ್ಟುಗಳ ಮೇಲೆಯೂ ಬೀಳುತ್ತದೆ. ಮುರಿಯುವ ಭಾಗದ ಬೆಲೆಯಲ್ಲಿ ಐದನೆಯ ಟೈರು ಎಷ್ಟೋ ಸಲ ಬರುತ್ತಿತ್ತು.

ನೆರೆಯವರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಅವರ ಹಿಂದಿನ ಎರಡು ಟೈರುಗಳು ಸವೆದಾಗ 31×10.50 ಆರ್ 15 ಸಿಕ್ಕಲಿಲ್ಲವೆಂದು ‘ಅದೇ ಅಳತೆಯ’ 265/75 ಆರ್ 15 ಹಾಕಿಸಿಕೊಂಡರೆ ವ್ಯಾಸದಲ್ಲಿ ನೂರಕ್ಕೆ ಒಂದಕ್ಕಿಂತ ಕೊಂಚ ಹೆಚ್ಚು ಅಂತರ. ಮುಂದಿನ ಅಚ್ಚು ಒಂದು ಕಿಲೋಮೀಟರು ನಡೆಯುವ ಸುತ್ತುಗಳಲ್ಲಿ ಹಿಂದಿನದು 11 ಮೀಟರು ಹಿಂದೆ ಉಳಿಯುತ್ತದೆ. ನಾಲ್ಕನ್ನೂ ಒಟ್ಟಿಗೆ ಬದಲಿಸುವಾಗ ಸಾಟಿಯಾಗುವ ಅಳತೆಯು, ಎರಡನ್ನು ಮಾತ್ರ ಬದಲಿಸುವಾಗ ಸಾಟಿಯಾಗದು. ‘ಹೆಚ್ಚೂ ಕಮ್ಮಿ ಒಂದೇ’ ಎಂಬ ಮಾತಿನಲ್ಲಿರುವ ಹೆಚ್ಚು ಮತ್ತು ಕಮ್ಮಿಗಳು ಜೀಪಿನ ಹೊಟ್ಟೆಯೊಳಗೆ ಕುಳಿತು ಲೆಕ್ಕ ಕೇಳುತ್ತವೆ.

ಸೂತ್ರದಿಂದ ಬಂದ ಅಂಕಿಯೂ ಟೈರಿನ ಕಡೆಯ ಮಾತಲ್ಲ. ಎರಡು ಕಾರ್ಖಾನೆಗಳಲ್ಲಿ ತಯಾರಾದ ಒಂದೇ ಅಳತೆಯ ಟೈರುಗಳು ಕೆಲವು ಮಿಲಿಮೀಟರು ಹೆಚ್ಚುಕಡಿಮೆ ಇರುವುದುಂಟು. ಗಾಡಿಯ ಭಾರಕ್ಕೆ ಎಲ್ಲ ಟೈರುಗಳೂ ಸ್ವಲ್ಪ ಚಪ್ಪಟೆಯಾಗುತ್ತವೆ. ನಿಜವನ್ನು ತಿಳಿಯಬೇಕೆಂಬವನಿಗೆ ಒಂದು ಸೀಮೆಸುಣ್ಣದ ತುಂಡು ಸಾಕು. ಟೈರು ನೆಲವನ್ನು ಮುಟ್ಟುವೆಡೆಯಲ್ಲಿ ಟೈರಿಗೂ ನೆಲಕ್ಕೂ ಗುರುತು ಹಾಕಬೇಕು. ಗಾಡಿಯನ್ನು ನೇರವಾಗಿ ತಳ್ಳಿ, ಟೈರಿನ ಗುರುತು ಮೂರು ಬಾರಿ ನೆಲಕ್ಕೆ ಬಂದಾಗ ನಿಲ್ಲಿಸಿ, ಅಲ್ಲಿ ಮತ್ತೊಂದು ಗುರುತು ಹಾಕಬೇಕು. ನೆಲದ ಎರಡು ಗುರುತುಗಳ ನಡುವಿನ ದೂರವನ್ನು ಮೂರರಿಂದ ಭಾಗಿಸಿದರೆ ಬರುವುದೇ ಆ ಚಕ್ರದ ನಿಜವಾದ ಸುತ್ತಳತೆ. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಹಳಿ ಕಟ್ಟುತ್ತಿದ್ದ ಕಮ್ಮಾರನೂ ಸುತ್ತಳತೆಯನ್ನು ನೋಡಿಕೊಳ್ಳದೆ ಹಳಿಯನ್ನು ಬೆಸೆಯುತ್ತಿರಲಿಲ್ಲ.

ಮೂಡಿಗೆರೆಯ ಅಂಗಡಿಯ ಮುಂದೆ ಹುಡುಗನು ಇನ್ನೂ ನಿಂತಿದ್ದಾನೆ. ಅಂಗಡಿಯ ಹಿರಿಯ ಮೇಸ್ತ್ರಿಯೊಬ್ಬರು ಸೀಮೆಸುಣ್ಣವನ್ನು ಕೈಯಲ್ಲಿ ಹಿಡಿದು, “ಒಂದು ಟೈರ್ ಮಾತ್ರ ಹಾಕಿ ಸ್ಟೇರಿಂಗ್ ಪೂರಾ ತಿರುಗ್ಸಿ ನೋಡಾಣ ಗೌಡ್ರೇ, ಒಳಗೆ ಎಲ್ಲಿ ಉಜ್ಜುತ್ತೆ ಅಂತ ಆಮೇಲೆ ಹೇಳ್ತೀನಿ” ಎನ್ನುತ್ತಾರೆ. ಹಾಗೆ ನೋಡಿದ ಮೇಲೆ ಹುಡುಗನ ಮನಸ್ಸು ಬದಲಾಗಿ, 245/70 ಆರ್ 16ರ ಕಡೆಗೆ ತಿರುಗಬಹುದು. ಅದರ ವ್ಯಾಸ 749.4 ಮಿಲಿಮೀಟರು, ಹಳೆಯದಕ್ಕಿಂತ ನೂರಕ್ಕೆ ಎರಡರಷ್ಟು ಮಾತ್ರ ಹೆಚ್ಚು. ಅಥವಾ ಮೊದಲಿನ ಅಳತೆಯನ್ನೇ, ಕೆಸರಿಗೆ ಒಪ್ಪುವ ಆಳವಾದ ಪಟ್ಟೆಗಳಿರುವುದನ್ನು ನೋಡಿ, ಆರಿಸಿಕೊಳ್ಳಬಹುದು. ಯಾವುದನ್ನು ಆರಿಸಿದರೂ ಅವನು ಕೇಳಬೇಕಾದುದು ಐದು ಟೈರುಗಳನ್ನು. ಬೇನೆಯೆದ್ದ ಹೆಣ್ಣುಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟ ರಾತ್ರಿ, ನಡುದಾರಿಯಲ್ಲಿ ಟೈರು ಪಂಕ್ಚರಾದಾಗ, ಕೈಗೆ ಸಿಕ್ಕುವ ಐದನೆಯ ಚಕ್ರವು ಉಳಿದ ನಾಲ್ಕರ ಭಾಷೆಯನ್ನೇ ಆಡುವಂತಿರಬೇಕು.